ಹುಡುಗಿ ಇನ್ನೂ ಹೊಳೆ ದಾಟಿಲ್ಲ

ನಮ್ಮತ್ತೆಯ ಮನೆಯಲ್ಲಿ ದಿನಾ ಒಬ್ಬಳು ಹುಡುಗಿ ಅಳುತ್ತಾಳೆ. ಅವಳು ಅಳುವವರೆಗೂ ಆ ಮನೆಯ ಸಾರಿಗೆ ಉಪ್ಪು ಬೀಳುವುದಿಲ್ಲ! ಪೊಲೀಸರಿಗೆ ಫೋನ್ ಮಾಡಬೇಡಿ, ಪೂರ್ತಿ ಕೇಳಿ. ಹೀಗೇ ಅರ್ಧ ಕೇಳಿಸಿಕೊಂಡು ಓಡಿಹೋಗಿ ಮೊಣಕಾಲವರೆಗೆ ಪ್ಯಾಂಟು ತೋಯಿಸಿಕೊಂಡವರೊಬ್ಬರ ಕಥೆ ಮುಂದೆ ಹೇಳುತ್ತೇನೆ.

ಅತ್ತೆ ಅಂದರೆ ನನ್ನ ಗಂಡನ ತಾಯಿಯಲ್ಲ, ಅಪ್ಪನ ತಂಗಿ. ಹುಟ್ಟಿದ್ದು ಹುಣಸೂರು ಕಡೆಯ ಕಟ್ಟೆಮಳಲವಾಡಿಯಲ್ಲಿ, ಸೇರಿದ್ದು ಎಚ್.ಡಿ. ಕೋಟೆ ಕಡೆಯ ಹಂಪಾಪುರದ ಪಕ್ಕದ ಹಳ್ಳಿಗೆ. ಅವಳಿಗೆ ಗಡಿಯಾರ ನೋಡಲು ಬರುತ್ತದೆ, ಅಡುಗೆ ಮಾಡಲೂ ಬರುತ್ತದೆ. ಎರಡೂ ಒಟ್ಟಿಗೆ ಬರುವುದಿಲ್ಲ, ಅಷ್ಟೆ. ಅವಳು ಅಡುಗೆ ಮಾಡುವುದು ಪದದ ಲೆಕ್ಕದಲ್ಲಿ. ಪದ ಅಂದರೆ ನಮ್ಮ ಕಡೆ ಹಾಡು. ಅನ್ನಕ್ಕೆ ಒಂದು ಪದ, ಮುದ್ದೆಗೆ ಅರ್ಧ ಪದ, ಕಾಯಿ ತುರಿಯುವುದಕ್ಕೆ ಒಂದು ಚೂರು ಪದ. ಹಪ್ಪಳ ಕರಿಯುವುದಕ್ಕೆ ಬರೀ ಒಂದು “ಓಹೋ” ಸಾಕು! ಎಲ್ಲ ಅವಳೇ ಕಟ್ಟಿದ್ದು. ಯಾವ ಪುಸ್ತಕದಲ್ಲೂ ಇಲ್ಲ, ಯಾವ ರೇಡಿಯೋದಲ್ಲೂ ಬಂದಿಲ್ಲ.

ಇವುಗಳಲ್ಲೆಲ್ಲ ದೊಡ್ಡದು ಹುರುಳಿಕಾಳಿನ ಬಸ್ಸಾರಿನ ಪದ. ಮದುವೆಯಾದ ಹುಡುಗಿಯೊಬ್ಬಳು ತೌರಿನಿಂದ ಗಂಡನ ಮನೆಗೆ ಒಬ್ಬಳೇ ನಡೆದುಹೋಗುವ ಕಥೆ ಅದು. ಕಾಳು ಒಲೆಯ ಮೇಲೆ ಕೂತಾಗ ಹುಡುಗಿ ತೌರಿನ ಬಾಗಿಲಲ್ಲಿ ಗಂಟು ಹೊತ್ತು ನಿಂತಿರುತ್ತಾಳೆ.

ಹೋಗಿ ಬತ್ತೀನಿ ಹಸುವೇ, ಹೋಗಿ ಬತ್ತೀನಿ ಕರುವೇ,
ಹಿತ್ತಲ ನುಗ್ಗೆ ಮರವೇ, ನನ ಹೆಸರ ಮರೀಬ್ಯಾಡ.

ಹುರುಳಿ ಗಟ್ಟಿ ಕಾಳಲ್ಲವೇ? ಬೇಗ ಬೇಯುವುದಿಲ್ಲ. ಅದಕ್ಕೇ ಹುಡುಗಿ ಹಸು, ಕರು, ಬೆಕ್ಕು, ಬೀಸುಕಲ್ಲು, ಬಚ್ಚಲ ಹಂಡೆ, ಕಡೆಗೆ ಪಕ್ಕದ ಮನೆಯ ಜಗಳಗಂಟಿ ಮುದುಕಿಗೂ ಹೋಗಿಬರುತ್ತೇನೆಂದು ಹೇಳುತ್ತಾಳೆ. ತೊಗರಿಬೇಳೆಯ ದಿನವಾದರೆ ಅಪ್ಪ ಅವ್ವನಿಗೆ ಹೇಳಿದರೆ ಮುಗಿಯಿತು! ಕಾಳು ಬೆಂದಾಗ ಅವಳು ಊರಾಚೆಯ ಆಲದ ಮರದ ಹತ್ತಿರ ಬರುತ್ತಾಳೆ. ಅಲ್ಲಿ ಕಾಳು ಬೆಂದ ನೀರನ್ನು ಬಸಿಯಬೇಕು. ಆ ನೀರಿಗೆ ರುಬ್ಬಿದ ಖಾರ ಸೇರಿ ಕುದಿ ಬಂದಾಗ ಹುಡುಗಿ ಹೊಳೆಯ ದಡಕ್ಕೆ ಬಂದು ನಿಂತು ಅಳುತ್ತಾಳೆ.

ತುಂಬಿದ ಹೊಳೆಯವ್ವ, ಹೆಂಗೆ ದಾಟಲಿ ಹೇಳೆ,
ಹಿಂದಕ್ಕೆ ನೋಡಿದರೆ ತೌರಿಲ್ಲ – ಮುಂದಕ್ಕೆ
ಕರೆಯೋರ ದನಿಯಿಲ್ಲ.

ಇದು ಮುಗಿದಾಗ ಉಪ್ಪು. ಹೊಳೆ ದಾಟಿ ದಿಣ್ಣೆ ಹತ್ತುವಾಗ ಹುಣಸೆಹಣ್ಣು. ಯಾಕೆ ಗೊತ್ತೇ? ದಿಣ್ಣೆ ಹತ್ತಿ ಹುಡುಗಿಗೆ ಬಾಯಾರುತ್ತದೆ, ಹುಳಿ ನೆನೆದರೆ ಬಾಯಲ್ಲಿ ನೀರೂರುತ್ತದೆ! ಕೊನೆಗೆ ಗಂಡನ ಮನೆಯ ಹೊಸ್ತಿಲು ತುಳಿದು ಬಳೆ ಘಲ್ಲೆಂದಾಗ ಸಾಸಿವೆ ಚಟಪಟ. ಹುಡುಗಿ ಮನೆ ಸೇರಿದಳು, ಏಳಿ ಊಟಕ್ಕೆ.

ಹಾಗಾಗಿ ಆ ಮನೆಯಲ್ಲಿ ಯಾರೂ “ಅಡುಗೆ ಆಯಿತಾ?” ಎಂದು ಕೇಳುವುದಿಲ್ಲ. ಮಾವ ಜಗಲಿಯ ಮೇಲೆ ಹಗ್ಗ ಹೊಸೆಯುತ್ತ ಕೂತಲ್ಲಿಂದಲೇ ಕೂಗುತ್ತಾರೆ:

“ಉಡ್ಗಿ ಎಲ್ಲವ್ಳಮ್ಮೀ?”

“ಈಗ ಆಲದ್ಮರದ ತಾವ ಅವ್ಳೆ ಕನ್ರೀ.”

“ಇನ್ನೂ ಅಲ್ಲೇಯಾ? ಒಸಿ ಬಿರ್‍ರನೆ ನಡಿಯಾಕೇಳು.”

“ನಿಮ್ಗೆ ಅಸ್ವು ಅಂತ ಅವ್ಳು ಓಡಕ್ಕಾದದಾ? ಕೂತ್ಕಳಿ ಸುಮ್ನೆ.”

ಮಾವ ಮಾತಿಗೆ ಬಡವರು. ದಿನಕ್ಕೆ ಹತ್ತು ಮಾತಾಡಿದರೆ ಅದರಲ್ಲಿ ಎಂಟು ಈ ಹುಡುಗಿಯ ವಿಚಾರಣೆ. ಹಾಡಂತೂ ಅವರ ಬಾಯಿಂದ ಹೊರಟಿದ್ದು ಯಾರೂ ಕೇಳಿಲ್ಲ. ಭಜನೆಗೆ ಹೋದರೂ ತಾಳ ಹಿಡಿದು ಕೂರುತ್ತಿದ್ದರೇ ಹೊರತು ತುಟಿ ಅಲ್ಲಾಡಿಸುತ್ತಿರಲಿಲ್ಲ. ಆ ತಾಳವೂ ತಪ್ಪುತ್ತಿತ್ತು ಅನ್ನುವುದು ಬೇರೆ ಮಾತು.

ಚಿಕ್ಕವಳಿದ್ದಾಗ ಬೇಸಗೆ ರಜೆಗೆ ಅಲ್ಲಿಗೆ ಹೋದರೆ ನನಗೆ ಅಡುಗೆಮನೆಯೇ ಊರು. ಗೋಡೆಗೆ ಒರಗಿ ಕೂತಿರುತ್ತಿದ್ದೆ. ಮಾಡಿನ ಬೆಳಕಿಂಡಿಯಿಂದ ಬಿಸಿಲಕೋಲೊಂದು ಇಳಿದು ಒಲೆಯ ಹೊಗೆಯೊಳಗೆ ನಿಲ್ಲುತ್ತಿತ್ತು. ಅತ್ತೆ ಊದುಕೊಳವೆ ಕೆಳಗಿಟ್ಟು ಪದ ಶುರು ಮಾಡಿದಳೆಂದರೆ ಆ ಬಿಸಿಲಿನಲ್ಲಿ ಹುಡುಗಿ ನಡೆಯುತ್ತಿದ್ದಳು. ಸುಳ್ಳಲ್ಲ, ನಾನು ಕಂಡಿದ್ದೇನೆ! ಹಸಿರು ಸೀರೆ, ತಲೆಯ ಮೇಲೆ ಗಂಟು, ಕಾಲಲ್ಲಿ ಧೂಳು. ಅರ್ಧ ನಿದ್ದೆಯಲ್ಲಿ ಅವಳ ಹಿಂದೆ ನಾನೂ ನಡೆಯುತ್ತಿದ್ದೆ. ಹೊಳೆಯ ಹತ್ತಿರ ಬಂದಾಗ ಮಾತ್ರ ಎಚ್ಚರವಾಗಿಬಿಡುತ್ತಿತ್ತು, ಯಾಕೆಂದರೆ ಅಲ್ಲಿ ಅತ್ತೆಯ ದನಿ ಒಂದಿಷ್ಟು ನಡುಗಿ ನಿಲ್ಲುತ್ತಿತ್ತು. ಉಪ್ಪಿನ ಮರಿಗೆಗೆ ಕೈ ಹಾಕಿದ ಸದ್ದು ಕೇಳಿದ ಮೇಲೆ ಮತ್ತೆ ಕಣ್ಣು ಮುಚ್ಚುತ್ತಿದ್ದೆ. ಊಟಕ್ಕೆ ಕೂತಾಗ ಪಕ್ಕದಲ್ಲಿ ಅವಳಿಗೂ ಒಂದು ತಟ್ಟೆ ಹಾಕಿಸುತ್ತಿದ್ದೆ. ಅತ್ತೆ ಮರು ಮಾತಿಲ್ಲದೆ ಹಾಕುತ್ತಿದ್ದಳು. ಮಾವ ಆ ತಟ್ಟೆಯ ಹಪ್ಪಳವನ್ನು ಮರು ಮಾತಿಲ್ಲದೆ ತಿನ್ನುತ್ತಿದ್ದರು.

ಈಗ ಪ್ಯಾಂಟು ತೋಯಿಸಿಕೊಂಡವರ ಕಥೆ. ಅವರು ಹುಣಸೂರಿನ ಸಾಹೇಬರು. ಸ್ಕೂಟರಿನ ಹಿಂದೆ ಬೆಡ್‌ಶೀಟು, ಲುಂಗಿ, ಟವೆಲ್ಲು ಗಂಟು ಕಟ್ಟಿಕೊಂಡು ಹಳ್ಳಿ ಹಳ್ಳಿ ಸುತ್ತಿ ಮಾರುತ್ತಾರೆ. ಮೊದಲ ಸಲ ನಮ್ಮತ್ತೆಯ ಜಗಲಿಯ ಮೇಲೆ ಗಂಟು ಬಿಚ್ಚಿದ ದಿನ, ಮಾವ ಟವೆಲ್ಲು ಮುಟ್ಟಿ ನೋಡುತ್ತಲೇ ಒಳಕ್ಕೆ ಕೂಗಿದ್ದಾರೆ:

“ಉಡ್ಗಿ ಎಲ್ಲವ್ಳೇ?”

“ಹೊಳೆ ತಾವ. ಅಳ್ತಾ ನಿಂತವ್ಳೆ.”

“ಇವತ್ತೇನು ಇಷ್ಟೊತ್ತು ಅಳ್ತಾವ್ಳೆ?”

“ಹೊಳೆ ತುಂಬ್ಕಂಡದೆ ಕನ್ರೀ. ಇನ್ನೇನು ಇಳೀತಾಳೆ ಬುಡಿ.”

“ಸರಿ ಬುಡು, ಊಟಕ್ಕೆ ತಟ್ಟೆ ಆಕು.”

ಸಾಹೇಬರ ಕೈಯಲ್ಲಿದ್ದ ಬೆಡ್‌ಶೀಟು ಕೆಳಗೆ ಬಿತ್ತು. ಎಂಥ ಜನ ಇವರು! ಹೆಣ್ಣುಮಗು ತುಂಬಿದ ಹೊಳೆಗಿಳಿಯುತ್ತಿದೆ, ಇವರು ತಟ್ಟೆ ಹಾಕುತ್ತಿದ್ದಾರೆ! ಅವರು ಎದ್ದು, ಟೀ ಅಂಗಡಿಯಲ್ಲಿ ಕೂತಿದ್ದ ಇಬ್ಬರನ್ನು ಎಬ್ಬಿಸಿಕೊಂಡು, ಊರ ಹಿಂದಿನ ಹೊಳೆಗೆ ಓಡಿದರು. ಮಾವ ಟವೆಲ್ಲು ಹಿಡಿದುಕೊಂಡು “ರೇಟು ಹೇಳ್ದೇ ಓದ್ರಲ್ಲ” ಎಂದು ನೋಡುತ್ತ ನಿಂತರು.

ಸ್ವಲ್ಪ ಹೊತ್ತಿನ ಮೇಲೆ ಸಾಹೇಬರು ಏದುಸಿರು ಬಿಡುತ್ತ ವಾಪಸು ಬಂದರು. ಕಣ್ಣಲ್ಲಿ ನೀರು, ಪ್ಯಾಂಟಿನಲ್ಲೂ ನೀರು.

“ಅಮ್ಮಾ, ಯಾರೂ ಇಲ್ಲ ಕಣಮ್ಮಾ ಅಲ್ಲಿ! ಕೂಗಿ ಕೂಗಿ ಸಾಕಾಯ್ತು. ನೀರು ನೋಡಿದ್ರೆ ಮೊಣಕಾಲುದ್ದ ಇಲ್ಲ. ಹುಡುಗಿ ಎಲ್ಲಿ ಹೋದ್ಳೋ ಯಾ ಅಲ್ಲಾ!”

ಒಗ್ಗರಣೆ ಸೌಟು ಹಿಡಿದು ಬಾಗಿಲಿಗೆ ಬಂದ ಅತ್ತೆ ನಗುತ್ತ ಅಂದಳು, “ಅಯ್ಯೋ, ಅವ್ಳು ಆಗ್ಲೇ ಗಂಡನ ಮನೆ ಸೇರ್ಕಂಡ್ಳು ಕನ್ ಸಾಹೇಬ್ರೆ. ಕೈ ತೊಳ್ಕಳಿ, ಬಸ್ಸಾರು ಬಿಸಿಬಿಸಿ ಅದೆ.”

ಅವತ್ತಿನಿಂದ ಸಾಹೇಬರು ಆ ಊರಿಗೆ ಬಂದರೆ ಸ್ಕೂಟರು ನಿಲ್ಲಿಸುವ ಮೊದಲು ಕೇಳುವುದು ಅದೇ ಪ್ರಶ್ನೆ. ದಿಣ್ಣೆ ಹತ್ತುತ್ತಿದ್ದಾಳೆ ಅಂದರೆ ಕೂರುತ್ತಾರೆ, ಇನ್ನೂ ಹೊರಟಿಲ್ಲ ಅಂದರೆ ಇನ್ನೆರಡು ಬೀದಿ ವ್ಯಾಪಾರ ಮುಗಿಸಿ ಬರುತ್ತಾರೆ.

ಅತ್ತೆ ಎಲ್ಲಿ ನಿಂತರೂ ಹಾಡುವವಳೇ. ಬೇಕಾದರೆ ಹಳೇ ಫೋಟೋಗಳನ್ನು ನೋಡಿ. ನಮ್ಮ ಮನೆಯ ಆಲ್ಬಮ್ಮಿನಲ್ಲಿ ಅವಳು ಬಾಯಿ ಮುಚ್ಚಿಕೊಂಡಿರುವ ಫೋಟೋ ಒಂದೂ ಇಲ್ಲ! ನನ್ನ ನಾಮಕರಣದಲ್ಲಿ ಬಾಯಿ ತೆರೆದಿದ್ದಾಳೆ, ಅಣ್ಣನ ಮದುವೆಯಲ್ಲಿ ತೆರೆದಿದ್ದಾಳೆ, ಅವಳ ಆಧಾರ್ ಕಾರ್ಡಿನಲ್ಲೂ ಒಂದು ಹಲ್ಲು ಕಾಣುತ್ತದೆ. ಅವಳ ಮದುವೆಯ ಫೋಟೋ ಇನ್ನೂ ಚೆನ್ನ. ಮದುಮಗಳು ಬಾಯಿ ತೆರೆದು ಕ್ಯಾಮೆರಾ ನೋಡುತ್ತಿದ್ದಾಳೆ, ಮದುಮಗ ಕ್ಯಾಮೆರಾ ಬಿಟ್ಟು ಮದುಮಗಳ ಕಡೆಗೆ ಕತ್ತು ತಿರುಗಿಸಿದ್ದಾರೆ.

“ಏನ್ ಮಾವ, ಆಗಲೇ ಶುರುವಾ?” ಎಂದು ನಾನೊಮ್ಮೆ ಕೆಣಕಿದ್ದೆ.

“ಕತ್ತು ಹಿಡ್ಕಂಡಿತ್ತು ಕನಮ್ಮಿ,” ಎಂದು ಮಾವ ಹಗ್ಗ ಹೊಸೆಯಲು ಹೋದರು.

ಪದದ ಹುಡುಗಿ ನಡೆದು ಹೋದಳು, ಸರಿ. ನಿಜವಾಗಿ ಅತ್ತೆ ಗಂಡನ ಮನೆಗೆ ಹೋದದ್ದು ಬಾಡಿಗೆ ವ್ಯಾನಿನಲ್ಲಿ! ಇದನ್ನು ಅಪ್ಪ ಹೇಳುತ್ತಿದ್ದರು. ದಾರಿಯಲ್ಲಿ ಹೊಳೆಗೆ ಸೇತುವೆಯೂ ಇತ್ತು. ಆದರೆ ಸೇತುವೆಯ ಹತ್ತಿರ ವ್ಯಾನಿನ ಚಕ್ರ ಪಂಚರ್ ಆಯಿತು. ಗಂಡಸರೆಲ್ಲ ಇಳಿದು ಚಕ್ರದ ಸುತ್ತ ಸೇರಿದರು, ಹೆಂಗಸರೆಲ್ಲ ವ್ಯಾನಿನೊಳಗೇ ತೂಕಡಿಸುತ್ತಿದ್ದರು. ಅತ್ತೆ ಒಬ್ಬಳೇ ಇಳಿದು ಹೋಗಿ ಹೊಳೆಯ ದಡದಲ್ಲಿ ನಿಂತು ಅತ್ತಳಂತೆ. ಯಾರೂ ಕರೆಯಲಿಲ್ಲ. “ನಿಮ್ಮ ಮಾವ ಎಲ್ಲಿದ್ದ ಗೊತ್ತೇನು? ಜಾಕ್ ಹಿಡಿದುಕೊಂಡು ಕೂತಿದ್ದ, ರೇಷ್ಮೆ ಪಂಚೆಯಲ್ಲಿ!” ಎಂದು ಅಪ್ಪ ನಗುತ್ತಿದ್ದರು. ಅತ್ತೆ ಮಾತ್ರ ಈ ಕಥೆಗೆ ನಗುತ್ತಿರಲಿಲ್ಲ, ಎದ್ದು ಒಳಗೆ ಹೋಗುತ್ತಿದ್ದಳು. ಗಂಡನ ಮನೆಗೆ ಬಂದ ವರ್ಷವೇ ಅವಳು ಕಟ್ಟಿದ್ದು ಆ ಬಸ್ಸಾರಿನ ಪದ. ಅದರಲ್ಲಿ ವ್ಯಾನಿಲ್ಲ, ಸೇತುವೆಯಿಲ್ಲ, ಜಾಕಂತೂ ಇಲ್ಲವೇ ಇಲ್ಲ. ಹೊಳೆ ಮತ್ತು ಅಳು ಮಾತ್ರ ಹಾಗೇ ಉಳಿದಿವೆ.

ನಾನು ಕೆ.ಆರ್. ನಗರದಲ್ಲಿ ಹೈಸ್ಕೂಲು ಮಕ್ಕಳಿಗೆ ಗಣಿತ ಹೇಳಿಕೊಡುವವಳು. ನನಗೆ ಈ ಲೆಕ್ಕ ಹಿಡಿಸಲಿಲ್ಲ. ಒಂದು ದಸರಾ ರಜೆಯಲ್ಲಿ ಮೊಬೈಲಿನಲ್ಲಿ ಸ್ಟಾಪ್‌ವಾಚ್ ಹಚ್ಚಿ ಅತ್ತೆಯ ಪಕ್ಕ ಕೂತೆ. ಮೊದಲ ದಿನ ಹುಡುಗಿ ಐವತ್ತು ನಿಮಿಷಕ್ಕೆ ಮನೆ ಸೇರಿದಳು. ಮಾರನೆಯ ದಿನ ಒಂದು ಗಂಟೆ ದಾಟಿತು. ಮೂರನೆಯ ದಿನ ನಲವತ್ತೇ ನಿಮಿಷ!

“ಇದೇನತ್ತೆ, ಒಂದೊಂದು ದಿನ ಒಂದೊಂದು ಥರ?”

“ನಿನ್ನೆ ಸೌದೆ ಅಸಿ ಇತ್ತು ಕನಮ್ಮಿ. ಬೆಂಕಿ ನಿಧಾನ ಆದ್ರೆ ನಾನು ಅವ್ಳುನ್ನೂ ನಿಧಾನಕ್ಕೆ ನಡೆಸ್ತೀನಿ. ಇವತ್ತು ಉಣಸೆ ಸೌದೆ, ಧಗ್ಗಂತ ಅತ್ಕತು. ಬಿರ್‍ರನೆ ಬಂದ್ಲು.”

“ನಾನು ಬರ್ಕೊಳ್ಳೋದು ಹೇಗೆ?”

“ಬರ್ಕಂಡ್ರೆ ಅವ್ಳು ನಡೀತಾಳಾ?”

ಅದಕ್ಕೂ ಮೊದಲು ನಾನು ಕೊಟ್ಟ ಪ್ರೆಶರ್ ಕುಕ್ಕರಿಗೂ ಇದೇ ಗತಿ. “ಅದು ಕೂಗ್ತದೆ, ಹಾಡಲ್ಲ” ಎಂದು ಒಂದೇ ಮಾತಿನಲ್ಲಿ ತೀರ್ಪು ಕೊಟ್ಟು, ಅದರಲ್ಲಿ ಬಿತ್ತನೆ ಅವರೆ ತುಂಬಿ ಅಟ್ಟಕ್ಕೆ ಹಾಕಿದ್ದಳು. ನಾನೂ ಹಟಕ್ಕೆ ಬಿದ್ದು ಪದವನ್ನು ಬಾಯಿಪಾಠ ಮಾಡಿ ನಮ್ಮ ಮನೆಯ ಗ್ಯಾಸ್ ಒಲೆಯ ಮುಂದೆ ಹಾಡಿದೆ. ಶಾಲೆಗೆ ಹೊತ್ತಾಗಿತ್ತು ನೋಡಿ, ನನ್ನ ಹುಡುಗಿ ಬಸ್ಸು ಹತ್ತಿದವಳ ಹಾಗೆ ಹತ್ತೇ ನಿಮಿಷಕ್ಕೆ ಗಂಡನ ಮನೆಯಲ್ಲಿದ್ದಳು! ಕಾಳು ಗೋಲಿಯ ಹಾಗಿತ್ತು. ನನ್ನ ಗಂಡ ಒಂದನ್ನು ಕಚ್ಚಿ, ಮೆಲ್ಲಗೆ ತಟ್ಟೆಯಂಚಿಗೆ ಇಟ್ಟು, “ಸಂಗೀತ ಚೆನ್ನಾಗಿತ್ತು” ಎಂದರು. ಫೋನಿನಲ್ಲಿ ಅತ್ತೆಗೆ ಹೇಳಿದರೆ ಅವಳಿಗೆ ಸಿಟ್ಟೇ ಬಂತು: “ನೀನು ಅವ್ಳುನ್ನ ಅಳಕ್ಕೇ ಬುಡ್ಲಿಲ್ಲ ಕನಮ್ಮಿ. ಅಂಗೆಲ್ಲ ತಳ್ಕಂಡೋಗಿ ಸೇರುಸ್ಬಾರ್ದು.”

ಇಂಥ ಅತ್ತೆಗೆ ಹೋದ ವರ್ಷ ದನಿ ಕಟ್ಟಿತು.

ಮೊದಲು ಶೀತ ಅಂದುಕೊಂಡರು. ಮೆಣಸಿನ ಕಷಾಯ ಕುಡಿದಳು, ತುಳಸಿ ಜಗಿದಳು. ದನಿ ಒಡೆದು ಒಡೆದು ಕಡೆಗೆ ಗಾಳಿ ಮಾತ್ರ ಉಳಿಯಿತು. ಮೈಸೂರಿನ ಡಾಕ್ಟರು ನೋಡಿ, ಗಂಟಲಿನ ತಂತಿಯ ಮೇಲೆ ಗಂಟಾಗಿದೆ, ತೆಗೆಯೋಣ, ಆಮೇಲೆ ಒಂದು ತಿಂಗಳು ಒಂದಕ್ಷರ ಮಾತಾಡಬಾರದು, ಪಿಸುಗುಟ್ಟಲೂ ಬಾರದು ಎಂದರು. ದನಿ ಮೊದಲಿನ ಹಾಗೆ ಬರುತ್ತದಾ ಎಂದು ಮಾವ ಕೇಳಿದರು. ಬರಬಹುದು, ನೋಡೋಣ ಎಂದರು ಡಾಕ್ಟರು. ಆ “ನೋಡೋಣ” ಕೇಳಿ ಅತ್ತೆಯ ಮುಖ ಸಣ್ಣಗಾಯಿತು. ಆಸ್ಪತ್ರೆಯಿಂದ ಬರುವಾಗ ದಾರಿಯುದ್ದಕ್ಕೂ ಅವಳು ನನ್ನ ಕೈ ಬಿಡಲಿಲ್ಲ.

ಗಂಟು ತೆಗೆದ ಮೇಲೆ ನಾನು ಹತ್ತು ದಿನ ರಜೆ ಹಾಕಿ ಜೊತೆಗಿದ್ದೆ. ಅವಳಿಗೊಂದು ಸ್ಲೇಟು ತಂದುಕೊಟ್ಟೆ. ಒಲೆಯನ್ನು ನನಗೆ ಬಿಡುತ್ತಾಳೆಂದುಕೊಂಡಿದ್ದೆ, ಎಲ್ಲಿ ಬಂತು! ಎರಡನೇ ದಿನವೇ ಹುರುಳಿ ತೊಳೆದಿಟ್ಟು ಒಲೆ ಮುಂದೆ ಕೂತಳು. ಪದವಿಲ್ಲದೆ ಕೂತವಳ ಕೈ ಉಪ್ಪಿನ ಮರಿಗೆಗೆ ಹೋಗುವುದು, ವಾಪಸು ಬರುವುದು. ಅವತ್ತು ಕಾಳು ಕರಗಿ ಅಂಬಲಿಯಾಯಿತು, ಉಪ್ಪು ಎರಡು ಸಲ ಬಿದ್ದಿತ್ತು.

“ಮನಸ್ಸಿನಲ್ಲೇ ಹಾಡ್ಕೋ ಅತ್ತೆ,” ಎಂದೆ. ಸ್ಲೇಟಿನಲ್ಲಿ ಬರೆದಳು: ‘ಮನಸಲ್ಲಿ ಓಡ್ತಾಳೆ.’

ಮೊಬೈಲಿನಲ್ಲಿ ಹಿಂದೆ ನಾನು ಕದ್ದು ತುಂಬಿಕೊಂಡಿದ್ದ ಅವಳದೇ ಪದ ಇತ್ತು. ಅದನ್ನು ಹಚ್ಚಿದೆ. ಅತ್ತೆ ತನ್ನ ದನಿಯನ್ನು ತಾನೇ ಕೇಳುತ್ತ ಕಣ್ಣು ಪಿಳಿಪಿಳಿ ಬಿಟ್ಟಳು. ಸೌದೆ ಹಸಿಯಿತ್ತು, ಕಾಳು ಇನ್ನೂ ಕುದಿ ಕಂಡಿರಲಿಲ್ಲ, ಅಷ್ಟರಲ್ಲಿ ಮೊಬೈಲಿನ ಹುಡುಗಿ ಹೊಸ್ತಿಲು ತುಳಿದು ಬಳೆ ಆಡಿಸಿಬಿಟ್ಟಳು! ಸ್ಲೇಟಿನಲ್ಲಿ: ‘ಇದು ಒಲೆ ನೋಡಲ್ಲ.’ ಆಮೇಲೆ ಅದನ್ನು ಅಳಿಸಿ, ಸಣ್ಣ ಅಕ್ಷರದಲ್ಲಿ ಇನ್ನೊಂದು ಸಾಲು ಬರೆದಳು: ‘ನನ್ನ ದನಿ ಬರ್ದೇ ಇದ್ರೆ ಅವಳು ಅಲ್ಲೇ ನಿಂತ್ಕತಾಳೆ.’

ನಾನು ತಟ್ಟೆ ತೊಳೆಯುವ ನೆಪದಲ್ಲಿ ಹಿತ್ತಲಿಗೆ ಹೋಗಿ ಅತ್ತುಬಿಟ್ಟೆ.

ಅದೇ ವಾರ ಸಾಹೇಬರು ಬಂದರು. ಸ್ಕೂಟರಿನ ಮೇಲಿಂದಲೇ, “ಹುಡುಗಿ ಎಲ್ಲಿದ್ದಾಳೆ ಗೌಡ್ರೇ?” ಎಂದರು.

ಮಾವ ಹಗ್ಗ ಹೊಸೆಯುವುದು ನಿಲ್ಲಿಸಿದರು. “ತೌರಲ್ಲೇ ಅವ್ಳೆ ಸಾಹೇಬ್ರೆ. ಹೊರ್ಟಿಲ್ಲ.”

ಸಾಹೇಬರು ಗಂಟು ಬಿಚ್ಚಲೇ ಇಲ್ಲ. ಮಾವನ ಪಕ್ಕ ಕೂತರು. ಒಳಗೆ ಅತ್ತೆ ಕಾಳು ಬಸಿದು, ಖಾರ ಸೇರಿಸಿ, ಸಾರು ಕುದಿಯಲಿಟ್ಟಿದ್ದಳು. ಕುದಿ ಬಂತು. ಅವಳು ಉಪ್ಪಿನ ಮರಿಗೆಯ ಮುಂದೆ ಕೈ ಚಾಚಿ ಕೂತಳು, ಹಾಕಲಿಲ್ಲ.

ಆಗ ಅಡುಗೆಮನೆಯ ಬಾಗಿಲಲ್ಲಿ ಯಾರೋ ಕೆಮ್ಮಿದರು. ತಿರುಗಿದರೆ ಮಾವ! ಬಾಗಿಲ ಚೌಕಟ್ಟು ಹಿಡಿದುಕೊಂಡು, ಒಲೆಯನ್ನೇ ನೋಡುತ್ತ, ಹಾಡತೊಡಗಿದರು. ಅದನ್ನು ಹಾಡು ಎನ್ನಲು ಧೈರ್ಯ ಬೇಕು. ಎತ್ತಿಗೆ ನೀರು ಕುಡಿಸುವಾಗ ಕೂಗುವ ದನಿಯದು. ಆದರೆ ಒಂದಕ್ಷರ ತಪ್ಪಲಿಲ್ಲ. ತುಂಬಿದ ಹೊಳೆಯವ್ವ, ಹೆಂಗೆ ದಾಟಲಿ ಹೇಳೆ... ಬೆಂಕಿ ತಗ್ಗಿದರೆ ದನಿ ತಗ್ಗಿಸಿದರು, ಸೌದೆ ಹತ್ತಿಕೊಂಡರೆ ಬೇಗ ನಡೆಸಿದರು. ನಲವತ್ತು ವರ್ಷ ಜಗಲಿಯ ಮೇಲೆ ಹಗ್ಗ ಹೊಸೆಯುತ್ತ ಇವರು ಮಾಡುತ್ತಿದ್ದದ್ದು ಇದೇ ಹಾಗಾದರೆ! ಹಿಂದಕ್ಕೆ ನೋಡಿದರೆ ತೌರಿಲ್ಲ, ಮುಂದಕ್ಕೆ ಕರೆಯೋರ ದನಿಯಿಲ್ಲ.

ಅತ್ತೆ ಉಪ್ಪಿಗೆ ಕೈ ಹಾಕಿದಳು. ಆದರೆ ಮಾವ ನಿಲ್ಲಿಸಲಿಲ್ಲ. ಪದದಲ್ಲಿ ಇಲ್ಲದ ಒಂದು ಸಾಲು ಅವರ ಬಾಯಿಂದ ಬಂತು.

ನಾನಿವ್ನಿ ಈ ದಡದಾಗೆ, ನೀರು ಬರೀ ಮೊಣಕಾಲು,
ಬಾರೆ ನನ ಕೈಯ ಹಿಡಕೊಂಡು.

ಜಗಲಿಯಿಂದ ಸಾಹೇಬರು “ನಿಜ ಕಣಮ್ಮಾ, ಮೊಣಕಾಲೇ, ನಾನು ನೋಡಿದ್ದೀನಿ!” ಎಂದು ಕೂಗಿದರು.

ಅತ್ತೆಯ ಮುಷ್ಟಿಯಲ್ಲಿ ಉಪ್ಪು ಹಾಗೇ ಇತ್ತು. ಕಣ್ಣಿಂದ ಧಾರಾಕಾರ. ಮಾವನಿಗೆ ಗಾಬರಿಯಾಯಿತು.

“ಅವತ್ತು ಜಾಕ್ ಹಿಡ್ಕಂಡಿದ್ನಲ್ಲಮ್ಮಿ,” ಎಂದರು, “ಬುಟ್ರೆ ಗಾಡಿ ಕೂತ್ಕಬುಡೋದು. ಕೂಗಾವ ಅಂದ್ರೆ ಎಲ್ರೂ ಅವ್ರೆ. ನಾಚ್ಕೆ ಆಯ್ತು.”

ಅತ್ತೆ ಎಡಗೈಯಲ್ಲಿ ಸ್ಲೇಟು ಎಳೆದುಕೊಂಡು ಏನೋ ಬರೆದು ಅವರ ಕಡೆ ತಿರುಗಿಸಿದಳು. ನಾನು ಬಗ್ಗಿ ನೋಡಿದೆ. ‘ರಾಗ ಸರಿಯಿಲ್ಲ’ ಅಂತ ಇತ್ತು. ಆಮೇಲೆ ಸಾರಿಗೆ ಉಪ್ಪು ಹಾಕಿದಳು.

ತಿಂಗಳೆಲ್ಲ ಮಾವನೇ ಹುಡುಗಿಯನ್ನು ಮನೆ ಸೇರಿಸಿದರು. ಈಗ ಅತ್ತೆಗೆ ದನಿ ಬಂದಿದೆ. ಮೊದಲಿನ ದನಿಯಲ್ಲ, ಮರಳಿನ ಮೇಲೆ ಕಾಲಿಟ್ಟ ಹಾಗೆ ಕರಕರ ಅನ್ನುತ್ತದೆ. ದಿನಾ ಹಾಡುತ್ತಾಳೆ. ತೌರಿನ ಬಾಗಿಲು ಅವಳದು, ಆಲದ ಮರ ಅವಳದು, ದಿಣ್ಣೆ, ಹೊಸ್ತಿಲು ಎಲ್ಲ ಅವಳದೇ. ಹೊಳೆಯ ದಡದಲ್ಲಿ ಮಾತ್ರ, ಕರೆಯೋರ ದನಿಯಿಲ್ಲ ಎಂದು ಹೇಳಿ ಬಾಯಿ ಮುಚ್ಚಿ ಕೂತುಬಿಡುತ್ತಾಳೆ. ಜಗಲಿಯಿಂದ ಆ ಒಂದು ಸಾಲು ಬರಬೇಕು. ಬಂದ ಮೇಲೆ ಉಪ್ಪು.

ಹೋದ ಸೋಮವಾರ ನಾನು ಹೋದಾಗ ಮಾವ ಮನೆಯಲ್ಲಿರಲಿಲ್ಲ, ಹೊಗೆಸೊಪ್ಪಿನ ಕೆಲಸಕ್ಕೆಂದು ಪಿರಿಯಾಪಟ್ಟಣಕ್ಕೆ ಹೋಗಿದ್ದರು. ಊಟಕ್ಕೆ ಕೂತೆವು. ಸಾರು ಸಪ್ಪೆ. ಉಪ್ಪು ಮರೆತೆಯಾ ಅತ್ತೆ ಎಂದೆ.

“ಮರ್ತಿಲ್ಲ ಕನಮ್ಮಿ,” ಎಂದಳು ಅತ್ತೆ. “ಅವ್ರು ಬಂದ್ಮೇಲೆ ಆಕ್ತೀನಿ.”